ಕಾಣೆಯಾದವನ ಲೆಕ್ಕವನ್ನು ಸಂಸತ್ತು ಕೇಳಬಹುದೇ?

ಲಾಸಲಗಾಂವ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಈರುಳ್ಳಿ. ನಾಸಿಕ್ ಜಿಲ್ಲೆಯ ಆ ಊರಿನ ಮಾರುಕಟ್ಟೆಯಲ್ಲಿ ದರ ಏರಿದರೆ ಬೆಂಗಳೂರಿನ ಯಶವಂತಪುರದಲ್ಲೂ ಏರುತ್ತದೆ, ದೆಹಲಿಯ ಸಂಸತ್ತಿನಲ್ಲಿ ಗದ್ದಲವೂ ಆಗುತ್ತದೆ. ಆಗಲೇಬೇಕು, ಅದು ಬಡವನ ಊಟದ ಪ್ರಶ್ನೆ. ಆದರೆ ಅಲ್ಲಿಂದ ಸಂಭಾಜಿನಗರ, ಅಂದ್ರೆ ನಾವು ಮೊನ್ನೆ ಮೊನ್ನೆಯವರೆಗೆ ಔರಂಗಾಬಾದ್ ಅಂತ ಕರೆಯುತ್ತಿದ್ದ ಊರನ್ನು ದಾಟಿ ಮುಂದೆ ಹೋದರೆ ಪರಭಣಿ ಸಿಗುತ್ತದೆ. ಆ ಪರಭಣಿಯ ಒಬ್ಬ ಯುವಕ ಸರಕಾರದ ಕೈಯಲ್ಲಿದ್ದಾಗಲೇ ಕಾಣೆಯಾದ. ಅವನ ಲೆಕ್ಕ ಕೇಳಿದ್ದು ಹೆತ್ತವರು ಮತ್ತು ನ್ಯಾಯಾಲಯ. ಆ ಲೆಕ್ಕವನ್ನು ಸಂಸತ್ತೂ ಕೇಳಬಹುದೇ? ಬೇರೆ ದೇಶಗಳಲ್ಲಿ ಕೇಳಿದ್ದು ಹೇಗೆ? ಈ ಲೇಖನ ಅದರ ಬಗ್ಗೆ.

ಯುವಕನ ಹೆಸರು ಖ್ವಾಜಾ ಯೂನುಸ್. 27 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್. 2002ರ ಡಿಸೆಂಬರ್ 2ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಬಸ್ಸೊಂದರಲ್ಲಿ ಬಾಂಬ್ ಸಿಡಿಯಿತು. ಆ ತಿಂಗಳ ಕೊನೆಯಲ್ಲಿ ಪೊಲೀಸರು ಇವನನ್ನು ಹಿಡಿದರು. ಆಗ ಜಾರಿಯಲ್ಲಿದ್ದದ್ದು ಪೋಟಾ ಕಾಯ್ದೆ. 2003ರ ಜನವರಿ 6ರ ಬಳಿಕ ಅವನನ್ನು ನೋಡಿದವರಿಲ್ಲ. ಪೊಲೀಸರು ಕೊಟ್ಟ ವಿವರಣೆ ಹೀಗಿತ್ತು: ತನಿಖೆಗಾಗಿ ಔರಂಗಾಬಾದಿಗೆ ಕರೆದೊಯ್ಯುವಾಗ ಅಹ್ಮದ್‌ನಗರ ಜಿಲ್ಲೆಯ ಪಾರ್ನೇರ್ ಬಳಿ ಜೀಪು ಉರುಳಿತು, ಆ ಗಲಿಬಿಲಿಯಲ್ಲಿ ಅವನು ಓಡಿಹೋದ. ಆದರೆ ಜೊತೆಯಲ್ಲೇ ಬಂಧನದಲ್ಲಿದ್ದವರೊಬ್ಬರು ನ್ಯಾಯಾಲಯದಲ್ಲಿ ಬೇರೆಯೇ ಹೇಳಿದರು. ಬಟ್ಟೆ ಕಳಚಿಸಿ ಬೆಲ್ಟಿನಿಂದ ಹೊಡೆದರು, ಅವನು ರಕ್ತ ಕಾರಿದ, ಅದೇ ತಾನು ಅವನನ್ನು ಕೊನೆಯ ಸಲ ನೋಡಿದ್ದು ಎಂದು.

ಹೆತ್ತವರು ಬಾಂಬೆ ಹೈಕೋರ್ಟಿಗೆ ಹೋದರು. ಹೈಕೋರ್ಟ್ ಸಿಐಡಿ ತನಿಖೆಗೆ ಆದೇಶಿಸಿತು. ಓಡಿಹೋದ ಕಥೆ ಕಟ್ಟಿದ್ದು, ಅವನು ಕಸ್ಟಡಿಯಲ್ಲೇ ಸತ್ತಿದ್ದಾನೆ ಎಂಬ ತೀರ್ಮಾನಕ್ಕೆ ಸಿಐಡಿ ಬಂತು. 14 ಪೊಲೀಸರ ಹೆಸರು ಬಂತು. ವಿಚಾರಣೆಗೆ ಒಳಪಡಿಸಲು ಸರಕಾರ ಅನುಮತಿ ಕೊಟ್ಟದ್ದು ನಾಲ್ವರ ವಿರುದ್ಧ ಮಾತ್ರ. ಇನ್ನೊಂದು ಕಡೆ, ಘಾಟ್ಕೋಪರ್ ಪ್ರಕರಣದ ಉಳಿದ ಎಂಟು ಆರೋಪಿಗಳನ್ನೂ ಪೋಟಾ ನ್ಯಾಯಾಲಯ 2005ರಲ್ಲಿ ಖುಲಾಸೆ ಮಾಡಿತು. ಬದುಕಿದ್ದಿದ್ದರೆ ಇವನೂ ಮನೆಗೆ ಬರುತ್ತಿದ್ದ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಲ್ಲ. ಅಮಾನತಿನಲ್ಲಿದ್ದ ಆ ನಾಲ್ವರನ್ನು 2020ರ ಜೂನ್‌ನಲ್ಲಿ ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಅವರಲ್ಲೊಬ್ಬರಾದ ಸಚಿನ್ ವಾಝೆ 2021ರಲ್ಲಿ ಬೇರೆ ಪ್ರಕರಣದಲ್ಲಿ ಬಂಧನಕ್ಕೊಳಗಾಗಿ ದೇಶಕ್ಕೆಲ್ಲ ಪರಿಚಿತರಾದರು. ಯೂನುಸ್ ಪ್ರಕರಣದಲ್ಲಿ ಯಾರ ಮೇಲಿನ ಆರೋಪವೂ ಸಾಬೀತಾಗಿಲ್ಲ ಎಂಬುದನ್ನೂ ಹೇಳಬೇಕು. ಎರಡು ದಶಕ ದಾಟಿದರೂ ವಿಚಾರಣೆಯೇ ಮುಗಿದಿರಲಿಲ್ಲ. ಮಯ್ಯಿತ್ ಸಿಕ್ಕಿಲ್ಲ, ಖಬರ್ ಇಲ್ಲ.

ಈಗ ಪದಗಳನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ಬಂಧಿಸಿ, ಬಂಧಿಸಿದ್ದೇವೆ ಎಂದು ಒಪ್ಪಿಕೊಳ್ಳದೆ ಅಥವಾ ಎಲ್ಲಿಟ್ಟಿದ್ದೇವೆ ಎಂದು ಹೇಳದೆ ಇಡುವುದು ರಹಸ್ಯ ಬಂಧನ. ಕಾನೂನಿನ ಹಸ್ತಾಂತರ ಪ್ರಕ್ರಿಯೆ ಇಲ್ಲದೆ, ನ್ಯಾಯಾಧೀಶರ ಮುಂದೆ ನಿಲ್ಲಿಸದೆ ಒಬ್ಬನನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೆ ರೆಂಡಿಷನ್ ಎಂಬ ಹೆಸರು ಬಂದಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಸಿಐಎ ಇದನ್ನು ಒಂದು ವ್ಯವಸ್ಥೆಯಾಗಿಯೇ ನಡೆಸಿತು. ಆ ದೇಶದ ಸೆನೆಟ್ ಸಮಿತಿ 2014ರ ಡಿಸೆಂಬರ್‌ನಲ್ಲಿ ತನ್ನ ವರದಿಯ ಸಾರಾಂಶವನ್ನು ಹೊರಹಾಕಿದಾಗ, ಸಿಐಎ ಹಿಡಿದಿಟ್ಟಿದ್ದ 119 ಮಂದಿಯಲ್ಲಿ ಕನಿಷ್ಠ 26 ಮಂದಿಯನ್ನು ಅದರ ಸ್ವಂತ ಮಾನದಂಡದ ಪ್ರಕಾರವೂ ಹಿಡಿಯಬಾರದಿತ್ತು ಎಂದು ಹೇಳಿತು.

ಅಂಥವರಲ್ಲಿ ಖಾಲಿದ್ ಅಲ್ ಮಸ್ರಿ ಒಬ್ಬರು. ಜರ್ಮನಿಯ ಪ್ರಜೆ. 2003ರ ಕೊನೆಯ ದಿನ ಮ್ಯಾಸಿಡೋನಿಯದ ಗಡಿಯಲ್ಲಿ ಅವರನ್ನು ಬಸ್ಸಿನಿಂದ ಇಳಿಸಿದರು. ಶಂಕಿತನೊಬ್ಬನ ಹೆಸರೂ ಇವರ ಹೆಸರೂ ಹೆಚ್ಚುಕಮ್ಮಿ ಒಂದೇ, ಅಷ್ಟೇ ಕಾರಣ. (ನಮ್ಮ ಮೊಹಲ್ಲಾದಲ್ಲಿ ಒಂದೇ ಹೆಸರಿನವರು ಎಷ್ಟು ಮಂದಿ ಇದ್ದಾರೆ, ಲೆಕ್ಕ ಹಾಕಿ ನೋಡಿ.) 23 ದಿನ ಹೋಟೆಲ್ ಕೋಣೆಯಲ್ಲಿಟ್ಟು ಸಿಐಎಗೆ ಒಪ್ಪಿಸಿದರು. ಅಫ್ಘಾನಿಸ್ತಾನಕ್ಕೆ ಹಾರಿಸಿದರು. 2004ರ ಮೇ ತಿಂಗಳಲ್ಲಿ ಅಲ್ಬೇನಿಯದ ಒಂದು ರಸ್ತೆಯಲ್ಲಿ ತಂದು ಬಿಟ್ಟರು. ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2012ರ ಡಿಸೆಂಬರ್ 13ರಂದು ಮ್ಯಾಸಿಡೋನಿಯವನ್ನು ಹೊಣೆಯಾಗಿಸಿ 60,000 ಯೂರೋ ಪರಿಹಾರ ಕೊಡಿಸಿತು. ಹೊಣೆ ಹೊತ್ತದ್ದು ಅಮೆರಿಕ ಅಲ್ಲ, ಕೈ ಜೋಡಿಸಿದ ಸಣ್ಣ ದೇಶ. ಶಾಮೀಲಾಗುವುದು ಎಂದರೆ ಏನು ಅನ್ನುವುದು ಇಲ್ಲಿ ಗೊತ್ತಾಗುತ್ತದೆ: ಹೊಡೆದ ಕೈ ನಿನ್ನದಾಗಿರಬೇಕೆಂದಿಲ್ಲ, ಬಾಗಿಲು ತೆರೆದುಕೊಟ್ಟರೂ ಸಾಕು.

ಆಮೇಲೆ ಸಂಸತ್ತುಗಳು ಎಚ್ಚೆತ್ತವು. ಜರ್ಮನಿಯ ಸಂಸತ್ತು 2006ರಲ್ಲಿ ತನಿಖಾ ಸಮಿತಿ ಮಾಡಿತು. ಯುರೋಪಿಯನ್ ಪಾರ್ಲಿಮೆಂಟಿನ ತಾತ್ಕಾಲಿಕ ಸಮಿತಿಯ ವರದಿಯನ್ನು 2007ರ ಫೆಬ್ರವರಿ 14ರಂದು ಮತಕ್ಕೆ ಹಾಕಿ ಅಂಗೀಕರಿಸಿದರು. ಸಿಐಎ ನಡೆಸಿದ ಕನಿಷ್ಠ 1,245 ವಿಮಾನಗಳು ಯುರೋಪಿನ ಆಕಾಶದಲ್ಲಿ ಹಾರಿದವು ಅಥವಾ ಅಲ್ಲಿನ ನಿಲ್ದಾಣಗಳಲ್ಲಿ ಇಳಿದವು ಎಂದು ಅದರಲ್ಲಿತ್ತು. ಎಲ್ಲ ವಿಮಾನಗಳಲ್ಲೂ ಕೈದಿಗಳಿದ್ದರು ಅಂತಲ್ಲ. ಆದರೆ ಯಾರೂ ಕೇಳಲಿಲ್ಲ ಅನ್ನುವುದು ನಿಜ.

ಬ್ರಿಟನ್ನಿನ ಕಥೆ ನಮಗೆ ಹೆಚ್ಚು ಉಪಯೋಗದ್ದು, ಯಾಕಂದ್ರೆ ನಮ್ಮ ಸಂಸತ್ತು ಅದರ ಅಚ್ಚಿನಲ್ಲೇ ಎರಕವಾದದ್ದು. ನಮ್ಮ ನೆಲವನ್ನು ಬಳಸಿಲ್ಲ, ನಮಗೆ ಗೊತ್ತಿಲ್ಲ ಎಂದೇ ಸರಕಾರ ಹೇಳುತ್ತಿತ್ತು. 2008ರ ಫೆಬ್ರವರಿಯಲ್ಲಿ ವಿದೇಶಾಂಗ ಸಚಿವ ಡೇವಿಡ್ ಮಿಲಿಬ್ಯಾಂಡ್ ಸದನದಲ್ಲಿ ಎದ್ದು ನಿಂತು, ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯ ದ್ವೀಪದಲ್ಲಿ 2002ರಲ್ಲಿ ಅಂಥ ಎರಡು ವಿಮಾನ ಇಳಿದಿದ್ದವು ಎಂದು ಒಪ್ಪಿ ಕ್ಷಮೆ ಕೇಳಬೇಕಾಯಿತು. ಸಂಸದರ ಗುಪ್ತಚರ ಮತ್ತು ಭದ್ರತಾ ಸಮಿತಿ ಡೊಮಿನಿಕ್ ಗ್ರೀವ್ ಅಧ್ಯಕ್ಷತೆಯಲ್ಲಿ 2018ರ ಜೂನ್ 28ರಂದು ವರದಿ ಪ್ರಕಟಿಸಿತು. ಗ್ರೀವ್ ಆಳುವ ಪಕ್ಷದವರೇ ಎಂಬುದನ್ನು ಗಮನಿಸಿ. ಬಂಧಿತನ ಮೇಲೆ ದೌರ್ಜನ್ಯ ನಡೆಯುವುದನ್ನು ಬ್ರಿಟಿಷ್ ಸಿಬ್ಬಂದಿ ಕಣ್ಣಾರೆ ಕಂಡ 13 ಪ್ರಸಂಗಗಳು ಸಮಿತಿಗೆ ಸಿಕ್ಕಿದವು. ದೌರ್ಜನ್ಯ ನಡೆಯುತ್ತಿದೆ ಎಂದು ಗೊತ್ತಿದ್ದೂ ಅಥವಾ ಸಂಶಯವಿದ್ದೂ ಪ್ರಶ್ನೆಗಳನ್ನೋ ಮಾಹಿತಿಯನ್ನೋ ಕಳುಹಿಸುತ್ತಾ ಹೋದದ್ದು 232 ಪ್ರಕರಣಗಳಲ್ಲಿ. ರೆಂಡಿಷನ್‌ಗೆ ಸಲಹೆ ಕೊಟ್ಟದ್ದು, ಯೋಜಿಸಿದ್ದು ಅಥವಾ ಒಪ್ಪಿದ್ದು 28ರಲ್ಲಿ. ಮೂರರಲ್ಲಿ ಸಾಗಾಟದ ಖರ್ಚಿಗೆ ದುಡ್ಡು ಕೊಟ್ಟಿದ್ದಾರೆ ಅಥವಾ ಕೊಡುತ್ತೇವೆ ಅಂದಿದ್ದಾರೆ.

ಆ 232ರ ಮೇಲೆ ಸ್ವಲ್ಪ ನಿಲ್ಲೋಣ. ಲಂಡನ್ನಿನ ಕಚೇರಿಯಲ್ಲಿ ಕುಳಿತ ಅಧಿಕಾರಿ ಯಾರನ್ನೂ ಮುಟ್ಟಿಲ್ಲ. ಅವನು ಮಾಡಿದ್ದು ಒಂದು ಪ್ರಶ್ನಾವಳಿ ಟೈಪ್ ಮಾಡಿ ಕಳಿಸಿದ್ದು. ಆದರೆ ಎಲ್ಲೋ ಒಂದು ಕತ್ತಲ ಕೋಣೆಯಲ್ಲಿ ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಇನ್ನೊಬ್ಬನಿಗೆ ನಿದ್ದೆ ಇಲ್ಲ. ಕಾಗದದ ಮೇಲೆ ಮಾತ್ರ ಉಳಿಯುವ ಇಂಥ ಅಪರಾಧವನ್ನು ಪೊಲೀಸ್ ತನಿಖೆಗಿಂತ, ಕಡತ ತರಿಸಿಕೊಳ್ಳುವ ಅಧಿಕಾರ ಇರುವ ಸಂಸದೀಯ ಸಮಿತಿ ಚೆನ್ನಾಗಿ ಹಿಡಿಯಬಲ್ಲದು. ಹಾಗಂತ ಆ ಸಮಿತಿ ಗೆದ್ದಿತು ಎನ್ನಲಾಗದು. ಕಡತಗಳನ್ನು ತೋರಿಸಿದ ಸರಕಾರ, ಆಗ ಸ್ಥಳದಲ್ಲಿದ್ದ ಅಧಿಕಾರಿಗಳನ್ನು ಪ್ರಶ್ನಿಸಲು ಬಿಡಲಿಲ್ಲ. ಹೀಗಿದ್ದರೆ ನಂಬಲರ್ಹ ತನಿಖೆ ಸಾಧ್ಯವಿಲ್ಲ ಎಂದು ಹೇಳಿ ಸಮಿತಿಯೇ ಕೆಲಸ ನಿಲ್ಲಿಸಿತು. ನ್ಯಾಯಾಧೀಶರ ನೇತೃತ್ವದ ಹೊಸ ತನಿಖೆ ಬೇಡ ಎಂದು 2019ರಲ್ಲಿ ಸರಕಾರ ಹೇಳಿಬಿಟ್ಟಿತು. ಸಮಿತಿಗೆ ಜನರನ್ನು ಕರೆಸುವ ಹಲ್ಲಿಲ್ಲದಿದ್ದರೆ ವರದಿ ಅರ್ಧಕ್ಕೇ ನಿಲ್ಲುತ್ತದೆ. ಆದರೂ ಸಂಖ್ಯೆಗಳು ದಾಖಲೆಯಲ್ಲಿ ಉಳಿದವು.

ನಮ್ಮಲ್ಲಿ? ಐಬಿ ಮತ್ತು ರಾ ಸಂಸ್ಥೆಗಳ ಮೇಲೆ ಕಣ್ಣಿಡುವ ಸಂಸದೀಯ ಸಮಿತಿ ನಮ್ಮ ದೇಶದಲ್ಲಿಲ್ಲ. ಸಂಸದ ಮನೀಶ್ ತಿವಾರಿ 2011ರಲ್ಲಿ ಅದಕ್ಕಾಗಿ ಖಾಸಗಿ ಮಸೂದೆ ತಂದಿದ್ದರು, ಅದು ಕಾನೂನಾಗಲಿಲ್ಲ. ಭಾರತ 1997ರಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ, 2007ರಲ್ಲಿ ಬಲವಂತದ ಕಣ್ಮರೆ ವಿರುದ್ಧದ ಒಡಂಬಡಿಕೆಗೆ ಸಹಿ ಹಾಕಿದೆ. ಸಹಿ ಮಾತ್ರ, ಅನುಮೋದನೆ ಎರಡಕ್ಕೂ ಇಲ್ಲ. ಚಿತ್ರಹಿಂಸೆ ತಡೆ ಮಸೂದೆಯನ್ನು ಲೋಕಸಭೆ 2010ರ ಮೇ ತಿಂಗಳಲ್ಲಿ ಅಂಗೀಕರಿಸಿತು. ರಾಜ್ಯಸಭೆ ಅದನ್ನು ಅಶ್ವನಿ ಕುಮಾರ್ ಅಧ್ಯಕ್ಷತೆಯ ಆಯ್ಕೆ ಸಮಿತಿಗೆ ಕಳಿಸಿತು. ಸಮಿತಿ ಅದೇ ವರ್ಷ ಇನ್ನಷ್ಟು ಗಟ್ಟಿಯಾದ ಕರಡನ್ನು ಕೊಟ್ಟಿತು. ಅಲ್ಲಿಗೆ ಅದು ಮಲಗಿತು, 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಸತ್ತಿತು. ಆಗ ಅಧಿಕಾರದಲ್ಲಿದ್ದವರು ಯಾರು ಎಂದು ಬೇರೆ ಹೇಳಬೇಕಿಲ್ಲ. ಈ ವಿಷಯದಲ್ಲಿ ಒಂದೇ ಪಕ್ಷವನ್ನು ಬೈದು ಸುಮ್ಮನಾಗುವವರು ತಮ್ಮನ್ನೇ ಮೋಸ ಮಾಡಿಕೊಳ್ಳುತ್ತಾರೆ.

ರೆಂಡಿಷನ್ ನಮಗೆ ಸಂಬಂಧವಿಲ್ಲದ ಸಂಗತಿ ಅನ್ನಬೇಡಿ. 2018ರ ಮಾರ್ಚ್ 4ರಂದು ಗೋವಾದ ಆಚೆಯ ಸಮುದ್ರದಲ್ಲಿ ದುಬೈ ದೊರೆಯ ಮಗಳು ಲತೀಫಾ ಇದ್ದ ಹಡಗನ್ನು ಭಾರತೀಯ ಪಡೆಗಳು ಏರಿದವು, ಆಕೆಯನ್ನು ಬಲವಂತವಾಗಿ ಹಿಂದಕ್ಕೆ ಸಾಗಿಸಲಾಯಿತು ಎಂದು ಇಂಗ್ಲೆಂಡಿನ ಹೈಕೋರ್ಟ್ 2020ರಲ್ಲಿ ಬಹಿರಂಗವಾದ ತೀರ್ಪಿನಲ್ಲಿ ಹೇಳಿದೆ. ನಮ್ಮ ಪಡೆಗಳ ಬಗ್ಗೆ ಲಂಡನ್ನಿನ ತೀರ್ಪನ್ನು ಓದಿ ತಿಳಿದುಕೊಳ್ಳಬೇಕಾದ ಪರಿಸ್ಥಿತಿ ನಮ್ಮದು.

ಇದು ಮುಸ್ಲಿಮರಿಗೆ ಮಾತ್ರ ಬಂದ ಕಷ್ಟವೂ ಅಲ್ಲ. ವೀರಪ್ಪನ್‌ನನ್ನು ಹುಡುಕುವ ಹೆಸರಿನಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗರನ್ನು ಹಿಡಿದೊಯ್ದವು. ಬೆಟ್ಟದ ಶಿಬಿರದಲ್ಲಿ ಚಿತ್ರಹಿಂಸೆಯ ಜಾಗಕ್ಕೆ 'ವರ್ಕ್‌ಶಾಪ್' ಎಂಬ ಹೆಸರಿತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದಲ್ಲಿ ಸಮಿತಿ ರಚಿಸಿತು, 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸು ಮಾಡಿತು. ಆ ಹಳ್ಳಿಗರಲ್ಲಿ ಹೆಚ್ಚಿನವರು ಸೋಲಿಗರು, ಬಡ ರೈತರು. ಪಕ್ಕದ ಕೇರಳದಲ್ಲಿ ತುರ್ತುಪರಿಸ್ಥಿತಿಯ ವೇಳೆ, 1976ರ ಮಾರ್ಚ್ 1ರಂದು, ಕೋಝಿಕ್ಕೋಡಿನ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಒಯ್ದರು. ತಂದೆ ಈಚ್ಚರ ವಾರಿಯರ್ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅವನು ನಮ್ಮ ಕಸ್ಟಡಿಯಲ್ಲೇ ಇರಲಿಲ್ಲ ಎಂಬ ಸರಕಾರದ ಮಾತನ್ನು ಹೈಕೋರ್ಟ್ ನಂಬಲಿಲ್ಲ, ಮುಖ್ಯಮಂತ್ರಿ ಕೆ. ಕರುಣಾಕರನ್ 1977ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಮಗನ ದೇಹ ಆ ತಂದೆಗೂ ಸಿಗಲಿಲ್ಲ.

ಕಾಣೆಯಾದವನ ಮನೆಯಲ್ಲಿ ಏನಾಗುತ್ತದೆ? ಸತ್ತ ಎನ್ನುವಂತಿಲ್ಲ, ಬದುಕಿದ್ದಾನೆ ಎನ್ನುವಂತೆಯೂ ಇಲ್ಲ. ಫಿಕ್‌ಹ್‌ನಲ್ಲಿ ಇಂಥವನಿಗೆ ಮಫ್ಕೂದ್ ಎನ್ನುತ್ತಾರೆ. ಅವನ ಪಾಲು ಹಂಚುವಂತಿಲ್ಲ, ಹೆಂಡತಿ ಇದ್ದತ್ ಕೂರುವಂತಿಲ್ಲ. ಹನಫಿ ಗ್ರಂಥಗಳ ಹಳೆಯ ನಿಲುವಿನಂತೆ ಅವನ ಓರಗೆಯವರೆಲ್ಲ ತೀರುವಷ್ಟು ಕಾಲ ಆಕೆ ಕಾಯಬೇಕಿತ್ತು. ಮಾಲಿಕಿ ಮದ್‌ಹಬ್‌ನಲ್ಲಿ ನಾಲ್ಕು ವರ್ಷ. ಹೆಂಗಸರ ಈ ಸಂಕಟ ಕಂಡು 1930ರ ದಶಕದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿಯಂಥ ಹನಫಿ ವಿದ್ವಾಂಸರೇ ಮಾಲಿಕಿ ಅಭಿಪ್ರಾಯವನ್ನು ಎತ್ತಿಕೊಂಡರು. 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಲ್ಲಿ ಅದು ಸೇರಿತು: ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ ಹೆಂಡತಿ ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದು. ತೀರ್ಪು ಆರು ತಿಂಗಳ ನಂತರ ಜಾರಿಗೆ ಬರುತ್ತದೆ, ಅಷ್ಟರಲ್ಲಿ ಗಂಡ ಬಂದು ಸಂಸಾರ ನಡೆಸಲು ಸಿದ್ಧನಾದರೆ ರದ್ದಾಗುತ್ತದೆ. ಆಸ್ತಿ, ವಿಮೆ, ಬ್ಯಾಂಕಿನ ವಿಷಯಕ್ಕೆ ಏಳು ವರ್ಷದ ಲೆಕ್ಕ. ಹಿಂದಿನ ಸಾಕ್ಷ್ಯ ಕಾಯ್ದೆಯ 108ನೇ ಕಲಮು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮು. ಒಂದು ಜೀಪು ಉರುಳಿತು ಎಂದು ಡೈರಿಯಲ್ಲಿ ಬರೆಯಲು ಐದು ನಿಮಿಷ ಸಾಕು. ಆ ಸಾಲಿನಿಂದ ಒಂದು ಮನೆ ಏಳು ವರ್ಷ ನಿಂತಲ್ಲೇ ನಿಲ್ಲುತ್ತದೆ.

ಹೀಗಾಗದಂತೆ ತಡೆಯಲು ಕಾನೂನಿನಲ್ಲಿ ಏನಿದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಸಂವಿಧಾನದ 22ನೇ ವಿಧಿಯಂತೆ ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬೇರೆ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಕೊಟ್ಟ ಸೂಚನೆಗಳು ಈಗ ಬಹುಮಟ್ಟಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೊಳಗಿವೆ. ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ, ಮನೆಯವರಿಗೆ ತಿಳಿಸುವುದು, ಬಂಧಿತರ ಹೆಸರನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಪ್ರದರ್ಶಿಸುವುದು ಕಡ್ಡಾಯ. ಎಲ್ಲ ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯವನ್ನು 18 ತಿಂಗಳು ಉಳಿಸಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯೂನುಸ್‌ನ ಕಾಲದಲ್ಲಿ ಅದು ಇರಲಿಲ್ಲ. ಇಂದು ಮನೆಯವರು ಮೊದಲ ದಿನವೇ ಆ ದೃಶ್ಯವನ್ನು ಉಳಿಸಿಡಿ ಎಂದು ಲಿಖಿತವಾಗಿ ಕೇಳಬೇಕು. ಸುಮ್ಮನೆ ಠಾಣೆಯ ಮುಂದೆ ಕುಳಿತು ಅಳುವುದಕ್ಕಿಂತ, ಯಾರು, ಎಷ್ಟು ಗಂಟೆಗೆ, ಯಾವ ನಂಬರಿನ ವಾಹನದಲ್ಲಿ ಕರೆದೊಯ್ದರು ಎಂದು ಬರೆದು ಎಸ್‌ಪಿಗೂ ಮ್ಯಾಜಿಸ್ಟ್ರೇಟರಿಗೂ ಕಳಿಸಿ ಪ್ರತಿ ಇಟ್ಟುಕೊಳ್ಳುವುದು ಮುಂದೆ ಹೇಬಿಯಸ್ ಕಾರ್ಪಸ್ ಅರ್ಜಿಗೆ ಆಧಾರವಾಗುತ್ತದೆ. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವವರು ಒಂದು ವರ್ಷದೊಳಗೆ ಹೋಗಬೇಕು, ಆಮೇಲೆ ಅದರ ಕೈ ಕಟ್ಟಿರುತ್ತದೆ.

14ರಲ್ಲಿ 10 ಮಂದಿಯನ್ನು ಹೊರಗೆ ಉಳಿಸಿದ ಅನುಮತಿಯ ವಿಚಾರದಲ್ಲೂ ಒಂದು ಬದಲಾವಣೆ ಆಗಿದೆ. ಹೊಸ ಸಂಹಿತೆಯ 218ನೇ ಕಲಮಿನಂತೆ ಸರಕಾರ 120 ದಿನದೊಳಗೆ ಅನುಮತಿಯ ಬಗ್ಗೆ ನಿರ್ಧರಿಸದಿದ್ದರೆ ಕೊಟ್ಟಂತೆಯೇ ಲೆಕ್ಕ. ಆದರೆ ಕೊಡುವುದಿಲ್ಲ ಎಂದು ಬರೆದು ಕಳಿಸಿದರೆ? ಆಗ ಹೈಕೋರ್ಟ್ ಮೆಟ್ಟಿಲೇ ಗತಿ. ಯಾಕೆ ಕೊಡಲಿಲ್ಲ ಎಂದು ಗೃಹ ಸಚಿವರನ್ನು ಸದನದಲ್ಲಿ ಕೇಳಬೇಕಾದವರು ಶಾಸಕರು. ಪೊಲೀಸ್ ರಾಜ್ಯದ ವಿಷಯ ಎಂದು ದೆಹಲಿಯಲ್ಲಿ ಜಾರಿಕೊಳ್ಳಬಹುದು, ಮುಂಬಯಿ ಮತ್ತು ಬೆಂಗಳೂರಿನಲ್ಲಿ ಹಾಗೆ ಹೇಳಲು ಬರುವುದಿಲ್ಲ. ಅಧಿವೇಶನ ಶುರುವಾಗುವ ಮುಂಚೆ ನಿಮ್ಮ ಕ್ಷೇತ್ರದ ಶಾಸಕರಿಗೆ ಒಂದು ಚುಕ್ಕೆರಹಿತ ಪ್ರಶ್ನೆಯ ಕರಡನ್ನು ಬರೆದುಕೊಟ್ಟು ನೋಡಿ: ಕಳೆದ ಹತ್ತು ವರ್ಷದಲ್ಲಿ ಎಷ್ಟು ಪೊಲೀಸ್ ಸಿಬ್ಬಂದಿಯ ವಿರುದ್ಧ ವಿಚಾರಣೆಗೆ ಅನುಮತಿ ಕೇಳಲಾಯಿತು, ಎಷ್ಟಕ್ಕೆ ನಿರಾಕರಿಸಲಾಯಿತು, ಪ್ರತಿಯೊಂದಕ್ಕೂ ಕಾರಣವೇನು. ಉತ್ತರವನ್ನು ಲಿಖಿತವಾಗಿ ಕೊಡಲೇಬೇಕಾಗುತ್ತದೆ.