ವ್ಯಾಂಡ್ ಕೆಟ್ಟಿಲ್ಲ, ಫಾರ್ಮ್ಯಾಟ್ ಬೇಡ

ಸಕಲೇಶಪುರದ ಬಿ.ಎಂ. ರಸ್ತೆಯ ಸ್ಟುಡಿಯೋಗಳಲ್ಲಿ, ಫ್ಲೆಕ್ಸ್ ಅಂಗಡಿಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರು ಬಿಟ್ಟಿದೆ. ಆಲೂರಿನ ಕಡೆಗೆ ಹೋದರೂ ಅದೇ. ಫೋಟೋಶಾಪ್‌ನಲ್ಲಿ ಚಿತ್ರದ ಬೇಕಾದ ಭಾಗವನ್ನು ಆರಿಸುವ ಸೆಲೆಕ್ಷನ್ ನೆಟ್ಟಗೆ ಬರಲಿಲ್ಲವೋ, ಸಾಫ್ಟ್‌ವೇರ್ ಕೆಟ್ಟಿದೆ. ತೆಗೆದು ಮತ್ತೆ ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ಸಿಸ್ಟಂ ಫಾರ್ಮ್ಯಾಟ್. "ವ್ಯಾಂಡ್ ಹಿಡೀತಾನೇ ಇಲ್ಲ ಕಣಣ್ಣ, ವೈರಸ್ ಬಂದಿರ್ಬೇಕು" ಅನ್ನುತ್ತಾರೆ. ವ್ಯಾಂಡ್ ಎಂದರೆ ಒಂದು ಕ್ಲಿಕ್ಕಿಗೆ ಒಂದೇ ಬಣ್ಣದ ಜಾಗವನ್ನು ಹಿಡಿಯುವ ಮ್ಯಾಜಿಕ್ ವ್ಯಾಂಡ್ ಟೂಲ್. ಮಳೆಗಾಲವಾದರೆ ವೈರಸ್ ಬದಲು ಥಂಡಿ. ಸಿಡಿಲು ಹೊಡೆದ ವಾರವಾದರೆ ಸಿಡಿಲು. ಪರದೆಯ ಮೇಲ್ಗಡೆ ಆ ಟೂಲಿನ ಆಪ್ಷನ್‌ಗಳು ಒಂದು ಸಾಲಿನಲ್ಲಿ ಕೂತಿರುತ್ತವಲ್ಲ, ಅದನ್ನು ಒಬ್ಬರೂ ಓದುವುದಿಲ್ಲ. ನನಗೆ ರೇಗುವುದು ಅದಕ್ಕೇ.

ಮಂಜರಾಬಾದ್ ಕೋಟೆಯನ್ನೇ ತೆಗೆದುಕೊಳ್ಳಿ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಡ್ರೋನ್ ಬಂದ ಮೇಲೆ ಅದರ ಚಿತ್ರವಿಲ್ಲದ ಹೋಂಸ್ಟೇ ಬೋರ್ಡು ನಮ್ಮ ಕಡೆ ಅಪರೂಪ. ಅದನ್ನು ಹಿನ್ನೆಲೆಯಿಂದ ಬಿಡಿಸುವುದು ಮಕ್ಕಳ ಕೆಲಸ. ಗೋಡೆಗಳೆಲ್ಲ ನೇರ, ಪಾಲಿಗನಲ್ ಲ್ಯಾಸೋ ಹಿಡಿದು ಮೂಲೆಯಿಂದ ಮೂಲೆಗೆ ಕ್ಲಿಕ್ ಮಾಡುತ್ತ ಹೋದರೆ ಮುಗಿಯಿತು. ಆದರೆ ಕೊನೆಯ ಕ್ಲಿಕ್ ಮಾಡಿದ್ದೇ ತಡ, ಚೂಪು ಮೂಲೆಗಳೆಲ್ಲ ಮೊಂಡಾಗಿ ನಕ್ಷತ್ರ ಹೋಗಿ ಹೂವಾಗಿಬಿಡುತ್ತದೆ. ಪುನಃ ಮಾಡಿದರೂ ಹಾಗೆಯೇ. ಅಲ್ಲಿಗೆ ಸಾಫ್ಟ್‌ವೇರ್ ಕೆಟ್ಟಿತು ಎಂಬ ತೀರ್ಪು ಹೊರಬೀಳುತ್ತದೆ.

ಆಗಿರುವುದು ಇಷ್ಟೇ. ಹಿಂದಿನ ವಾರ ಯಾರೋ ಮದುವೆ ಆಲ್ಬಂ ಮಾಡುವಾಗ ವಧೂವರರ ಸುತ್ತ ಅಂಚು ಮೃದುವಾಗಿ ಕರಗಲಿ ಎಂದು ಫೆದರ್ 40 ಪಿಕ್ಸೆಲ್ ಕೊಟ್ಟಿದ್ದಾರೆ. ಆ ಸಂಖ್ಯೆ ಅಲ್ಲೇ ಉಳಿದಿದೆ. ಫೋಟೋಶಾಪ್ ತಾನಾಗಿ ಅದನ್ನು ಸೊನ್ನೆಗೆ ಇಳಿಸುವುದಿಲ್ಲ. ಫೈಲ್ ಮುಚ್ಚಿದರೂ ಇಲ್ಲ, ಕಂಪ್ಯೂಟರ್ ಆರಿಸಿದರೂ ಇಲ್ಲ. ಫೆದರ್ ಎಂದರೆ ಸೆಲೆಕ್ಷನ್ನಿನ ಗೆರೆಯ ಒಳಕ್ಕೂ ಹೊರಕ್ಕೂ ಹಂತ ಹಂತವಾಗಿ ಆಯ್ಕೆಯನ್ನು ತೆಳುವಾಗಿಸುವುದು. ಸೆಲೆಕ್ಷನ್ನಿನ ಅಂಚು ತೋರಿಸುವ, ಓಡುವ ಚುಕ್ಕೆಗೆರೆ ಕಾಣಿಸುವುದು ಅರ್ಧದಷ್ಟು ಆಯ್ಕೆಯಾದ ಜಾಗದಲ್ಲಿ. ಕೋಟೆಯ ಮೂಲೆಯ ತುದಿ ಅರ್ಧಕ್ಕಿಂತ ಕೆಳಗಿಳಿದರೆ ಗೆರೆ ಅದನ್ನು ಬಿಟ್ಟು ದುಂಡಗೆ ತಿರುಗುತ್ತದೆ. ಅದೇ ಸೆಟ್ಟಿಂಗಿನಲ್ಲಿ ಪಾಸ್‌ಪೋರ್ಟ್ ಫೋಟೋದ ಕಿವಿಯೋಲೆಯಂಥ ಸಣ್ಣದನ್ನು ಸುತ್ತಿದರೆ ಚುಕ್ಕೆಗೆರೆಯೇ ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಪಿಕ್ಸೆಲ್ ಒಂದೂ ಇಲ್ಲ, ಅದಕ್ಕೇ ಅಂಚು ಕಾಣದು ಎಂದು ಸಾಫ್ಟ್‌ವೇರ್ ಒಂದು ಕಿಟಕಿ ತೆರೆದು ಹೇಳುತ್ತದೆ. ನಮ್ಮವರು ಓಕೆ ಒತ್ತಿ, "ಅದೇನೋ ಎರರ್ ಬರ್ತಾ ಇದೆ" ಅನ್ನುತ್ತಾರೆ. ಎರರ್ ಅಲ್ಲ ಮಾರಾಯರೇ, ಅದು ಉತ್ತರ!

ಈಗ ತೆಗೆದು ಮತ್ತೆ ಹಾಕುವ ಚಿಕಿತ್ಸೆ ನೋಡೋಣ. ಟೂಲ್‌ಗಳ ಸೆಟ್ಟಿಂಗ್ ಇರುವುದು ಪ್ರೋಗ್ರಾಮಿನ ಒಳಗಲ್ಲ. ವಿಂಡೋಸ್‌ನಲ್ಲಿ ನಿಮ್ಮ ಬಳಕೆದಾರ ಖಾತೆಯ ಫೋಲ್ಡರ್‌ನೊಳಗೆ ಪ್ರಿಫರೆನ್ಸ್ ಎಂಬ ಬೇರೆ ಫೈಲುಗಳಲ್ಲಿ ಅವು ಉಳಿಯುತ್ತವೆ. ಸಾಫ್ಟ್‌ವೇರ್ ತೆಗೆಯುವಾಗ ಪ್ರಿಫರೆನ್ಸ್ ಇಟ್ಟುಕೊಳ್ಳಲೋ ಅಳಿಸಲೋ ಎಂದು ಕೇಳಿದರೆ ಎಲ್ಲರೂ ಇಟ್ಟುಕೋ ಅಂತಲೇ ಒತ್ತುವುದು. ಒಂದು ಗಂಟೆ ಕೂತು ಹೊಸದಾಗಿ ಹಾಕಿ ತೆರೆದರೆ ಅದೇ 40 ಪಿಕ್ಸೆಲ್ ಫೆದರ್ ಅಲ್ಲೇ ಕಾದಿರುತ್ತದೆ. ಆಗ ಫಾರ್ಮ್ಯಾಟ್ ಮಾಡಿಸುತ್ತಾರೆ, ಸರಿಹೋಗುತ್ತದೆ! ಹೋಗದೇ ಏನು? ಇಡೀ ಡ್ರೈವ್ ಅಳಿಸಿದಾಗ ಆ ಪುಟ್ಟ ಫೈಲೂ ಅಳಿಸಿತು. ಈ ನಂಬಿಕೆ ಸಾಯದೇ ಇರುವುದಕ್ಕೆ ಇದೇ ಕಾರಣ, ಮದ್ದು ನಿಜಕ್ಕೂ ನಾಟುತ್ತದೆ. ಇಲಿ ಹೊಕ್ಕಿತೆಂದು ಗೋಡೌನಿಗೇ ಬೆಂಕಿ ಇಟ್ಟರೆ ಇಲಿಯೂ ಸಾಯುತ್ತದೆ ನೋಡಿ, ಹಾಗೆ. ಜೊತೆಗೆ ಸಿ ಡ್ರೈವ್‌ನ ಡೆಸ್ಕ್‌ಟಾಪಿನಲ್ಲೇ ಇಟ್ಟುಕೊಂಡಿದ್ದ ಯಾರದೋ ಮದುವೆ ಫೋಟೋಗಳೂ ಹೋಗಿರುತ್ತವೆ. ಆ ಮನೆಯವರಿಗೆ ಹೇಳುವಾಗ ಮತ್ತೆ ವೈರಸ್ಸಿನ ಹೆಸರೇ ಗತಿ.

ಇದಕ್ಕೆ ಬೇಕಾಗಿದ್ದು ಎರಡು ಕ್ಲಿಕ್. ಆಪ್ಷನ್ ಸಾಲಿನ ಎಡಭಾಗದಲ್ಲಿ ಟೂಲಿನ ಚಿತ್ರವಿದೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರೀಸೆಟ್ ಟೂಲ್ ಒತ್ತುವುದು. ಫೋಟೋಶಾಪ್ ಬದಲು ಗಿಂಪ್ ಬಳಸುವವರಿಗೆ ಟೂಲ್ ಆಪ್ಷನ್ ಕಿಟಕಿಯ ಕೆಳಗೇ ರೀಸೆಟ್ ಬಟನ್ ಇದೆ.

ಫೆದರ್ ಒಂದೇ ಅಲ್ಲ. ಪಾಸ್‌ಪೋರ್ಟ್ ಫೋಟೋ ಮಾಡುವವರು 35 ಮಿ.ಮೀ.ಗೆ 45 ಮಿ.ಮೀ. ಅಳತೆಗೆಂದು ಚೌಕ ಸೆಲೆಕ್ಷನ್ ಎಳೆಯುವ ಮಾರ್ಕ್ಯೂ ಟೂಲಿನ ಸ್ಟೈಲನ್ನು ಫಿಕ್ಸೆಡ್ ರೇಶಿಯೋಗೋ ಫಿಕ್ಸೆಡ್ ಸೈಜಿಗೋ ಬದಲಿಸಿರುತ್ತಾರೆ. ಮಾರನೆಯ ದಿನ ಫ್ಲೆಕ್ಸ್‌ಗೆ ಉದ್ದದ ಪಟ್ಟಿ ಎಳೆಯಲು ಹೋದರೆ ಅದೇ ಚೌಕಟ್ಟು ಬರುತ್ತದೆ, ಮೌಸ್ ಕೆಟ್ಟಿದೆ ಎಂದು ಹೊಸ ಮೌಸ್ ತರುತ್ತಾರೆ. ಸೆಲೆಕ್ಷನ್ನಿಗೆ ಹೊಸದು, ಕೂಡಿಸು, ಕಳೆ, ಛೇದ ಎಂದು ನಾಲ್ಕು ಬಟನ್‌ಗಳಿವೆ. ಕೊನೆಯದರ ಮೇಲೆ ಒತ್ತಿಬಿಟ್ಟಿದ್ದರೆ ಹಳೆಯ ಸೆಲೆಕ್ಷನ್ನಿನ ಹೊರಗೆ ಎಷ್ಟು ಎಳೆದರೂ ಏನೂ ಆಯ್ಕೆಯಾಗಲಿಲ್ಲ ಎಂಬ ಮಾತೇ ಬರುವುದು. ಎಲ್ಲಕ್ಕಿಂತ ಹೆಚ್ಚು ಗೋಳು ಹೊಯ್ದುಕೊಳ್ಳುವುದು ಕಂಟ್ರೋಲ್ ಎಚ್. ಕೈತಪ್ಪಿ ಅದನ್ನು ಒತ್ತಿದರೆ ಚುಕ್ಕೆಗೆರೆ ಮರೆಯಾಗುತ್ತದೆ, ಸೆಲೆಕ್ಷನ್ ಮಾತ್ರ ಜೀವಂತ. ಮೂಲೆಯಲ್ಲೆಲ್ಲೋ ಒಂದು ಚೂರು ಆಯ್ಕೆಯಾಗಿ ಉಳಿದಿರುತ್ತದೆ. ಬ್ರಷ್ ಬೇರೆಲ್ಲೂ ಬಣ್ಣ ಹಚ್ಚುವುದಿಲ್ಲ, ಇರೇಸರ್ ಅಳಿಸುವುದಿಲ್ಲ. ಕಂಟ್ರೋಲ್ ಡಿ ಒತ್ತಿದರೆ ಎಲ್ಲ ಸರಿ. ಖಾಲಿ ಲೇಯರಿನ ಮೇಲೆ ಕೂತು ಮ್ಯಾಜಿಕ್ ವ್ಯಾಂಡ್ ಕ್ಲಿಕ್ ಮಾಡಿ, ಚಿತ್ರಪೂರ್ತಿ ಹಿಡಿಯಿತೆಂದು ಬೈಯುವವರಿಗೆ ಏನು ಹೇಳಲಿ? ಲೇಯರ್ ಪಟ್ಟಿ ನೋಡಿ.

ಇನ್ನು ವ್ಯಾಂಡಿನ ಟಾಲರೆನ್ಸ್. ಅದನ್ನು ಏರಿಸಿದಷ್ಟೂ ಸೆಲೆಕ್ಷನ್ ಚೆನ್ನಾಗಿ ಬರುತ್ತದೆಂಬ ಮಾತು ಬಿಸಿಲೆ ಘಾಟಿಯ ಮಂಜಿನ ಎದುರು ಒಂದು ನಿಮಿಷವೂ ನಿಲ್ಲುವುದಿಲ್ಲ. 1990ರ ಮೊದಲ ಫೋಟೋಶಾಪ್‌ನಿಂದ ಇರುವ ಈ ವ್ಯಾಂಡ್ ಮಾಡುವುದು ಬರೀ ಲೆಕ್ಕ. ನೀವು ಕ್ಲಿಕ್ ಮಾಡಿದ ಪಿಕ್ಸೆಲ್‌ನ ಬಣ್ಣದ ಸಂಖ್ಯೆಯಿಂದ ಮೇಲಕ್ಕೂ ಕೆಳಕ್ಕೂ ಟಾಲರೆನ್ಸ್ ಎಷ್ಟಿದೆಯೋ ಅಷ್ಟು ದೂರದವರೆಗೆ ಒಂದೇ ಎಂದು ಪರಿಗಣಿಸುತ್ತದೆ. ಅಳತೆ ಸೊನ್ನೆಯಿಂದ 255, ಮಾಮೂಲಿ ಟಾಲರೆನ್ಸ್ 32. ಮಂಜಿನ 235ರ ಮೇಲೆ ಕ್ಲಿಕ್ ಮಾಡಿದರೆ 203ರಿಂದ ಮೇಲಿನದೆಲ್ಲ ಒಳಗೆ ಬಂತು. ಮುಂದೆ ನಿಂತಿರುವ ಮುಖಂಡರ ಬಿಳಿ ಅಂಗಿ 240. ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ಅವರ ಭುಜ ಮಾಯವಾಗಿ ತಲೆ ಗಾಳಿಯಲ್ಲಿ ತೇಲುವುದು ಹೀಗೆ. ಟಾಲರೆನ್ಸ್ 10ಕ್ಕೆ ಇಳಿಸಿದರೂ 240 ಒಳಗೇ ಇದೆ. ಅಂಗಿಯ ಬಿಳಿಗಳೂ ಮಂಜಿನ ಬಿಳಿಗಳೂ ಒಂದರೊಳಗೊಂದು ಬೆರೆತಿದ್ದಾಗ ಅವುಗಳನ್ನು ಬೇರೆ ಮಾಡುವ ಸಂಖ್ಯೆಯೇ ಇಲ್ಲ. ಪೆನ್ ಟೂಲ್ ಹಿಡಿದು ಭುಜವನ್ನು ಕೈಯಲ್ಲೇ ಬಿಡಿಸಬೇಕು. ಹೂಮಳೆ ಬಿದ್ದ ಮೇಲಿನ ಕಾಫಿ ತೋಟದ ಚಿತ್ರ ಇದಕ್ಕೆ ತದ್ವಿರುದ್ಧ: ಕಡುಹಸಿರಿನ ಮೇಲೆ ಬಿಳಿ ಹೂ, ಬೇರೆ ಬೇರೆ ಗೊಂಚಲು. ಅಲ್ಲಿ, ಒಂದಕ್ಕೊಂದು ತಾಗಿರುವುದನ್ನಷ್ಟೇ ಹಿಡಿಯುವ ಕಂಟಿಗ್ಯುವಸ್ ಗುರುತು ತೆಗೆದು ಒಂದು ಹೂವಿನ ಮೇಲೆ ಕ್ಲಿಕ್ ಮಾಡಿದರೆ ಚಿತ್ರದ ಅಂಥ ಹೂವುಗಳೆಲ್ಲ ಒಟ್ಟಿಗೆ ಸಿಗುತ್ತವೆ. ಆ ಗುರುತನ್ನು ಮತ್ತೆ ಹಾಕಲು ಮರೆತರೆ ನಾಳೆಯ ಗಿರಾಕಿಯ ಹಲ್ಲೂ ಕಣ್ಣಿನ ಬಿಳಿಯೂ ಸೆಲೆಕ್ಟ್ ಆಗುತ್ತವೆ, ಮತ್ತೆ ಕೆಟ್ಟಿತೆಂದು ಫೋನ್.

ವಾಟ್ಸಾಪ್‌ನಲ್ಲಿ ಬಂದ ಚಿತ್ರದ ಅಂಚು ಚೂರು ಚೂರಾಗಿ ಬರುವುದಕ್ಕೂ ಟೂಲ್ ಹೊಣೆಯಲ್ಲ. ಜೆಪೆಗ್ ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ಗಳ ಚೌಕಗಳಾಗಿ ಹಿಂಡಿ ಕುಗ್ಗಿಸುತ್ತದೆ. ಜೋರಾಗಿ ಹಿಂಡಿದಷ್ಟೂ ಆ ಚೌಕಗಳ ಕಲೆ ಅಂಚಿನಲ್ಲಿ ಉಳಿಯುತ್ತದೆ. ಗಿರಾಕಿಗೆ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ರ್‍ಯಾಮ್ ಹೆಚ್ಚಿಸಿದರೆ ಸೆಲೆಕ್ಷನ್ ಬೇಗ ಆಗಬಹುದು, ಚೆನ್ನಾಗಿ ಆಗುವುದಿಲ್ಲ. 2002ರ ಸೆವೆನ್ ಪಾಯಿಂಟ್ ಝೀರೋ ಬಿಟ್ಟರೆ ಬೇರೆ ಯಾವುದೂ ಸರಿಯಿಲ್ಲ ಎನ್ನುವವರಿಗೆ ವ್ಯಾಂಡ್ ಅಲ್ಲಿಯೂ ಇದೇ ಲೆಕ್ಕ ಹಾಕುತ್ತಿತ್ತೆಂದು ಹೇಳಬೇಕಷ್ಟೆ. 2018ರಲ್ಲಿ ಬಂದ ಸೆಲೆಕ್ಟ್ ಸಬ್ಜೆಕ್ಟ್ ಎಲ್ಲವನ್ನೂ ತಾನೇ ಬಿಡಿಸುತ್ತದೆ ಎನ್ನುವವರು ಮಲ್ಲಿಗೆ ಮುಡಿದ ವಧುವಿನ ಜಡೆಯ ಮೇಲೆ ಅದನ್ನು ಒಮ್ಮೆ ಬಿಟ್ಟು ನೋಡಲಿ. ಮತ್ತೆ ಥಂಡಿಯ ಮಾತು ಪೂರ್ತಿ ಸುಳ್ಳಲ್ಲ. ಮಲೆನಾಡಿನ ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಹಿಡಿಯುತ್ತದೆ, ಚಿತ್ರ ಮಬ್ಬಾಗುತ್ತದೆ, ಮಬ್ಬು ಚಿತ್ರದಲ್ಲಿ ಅಂಚು ಸಿಗುವುದು ಕಷ್ಟ. ಕ್ಯಾಮೆರಾ ಬ್ಯಾಗಿಗೆ ಸಿಲಿಕಾ ಜೆಲ್ ಹಾಕಿ. ಫೆದರ್‌ಗೆ ಮಾತ್ರ ಥಂಡಿ ಹಿಡಿಯುವುದಿಲ್ಲ.

ನೋಡದೆ ನಂಬುವುದು ಬರೀ ಫೋಟೋಶಾಪಿನ ಕಾಯಿಲೆ ಅಲ್ಲ ಎಂದು ನನಗೆ ಹಲವು ಸಲ ಅನಿಸಿದೆ. ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ ಹತ್ತು ಸಲ ರಿಫ್ರೆಶ್ ಒತ್ತಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂದು ನಂಬುವವರೇ ಬೆಳಿಗ್ಗೆದ್ದು ವಾಟ್ಸಾಪ್‌ನಲ್ಲಿ ಬಂದ ಆನೆಯನ್ನೂ ನಂಬುತ್ತಾರೆ. ಇದು ಆನೆಗಳು ನಿಜವಾಗಿಯೂ ತೋಟಕ್ಕೆ ಬರುವ, ಜನರನ್ನು ಕೊಂದಿರುವ ಸೀಮೆ. ಇಲ್ಲಿ ಎಲ್ಲಿಂದಲೋ ಕತ್ತರಿಸಿ ತಂದ ಆನೆಯನ್ನು ಆಲೂರು ರಸ್ತೆಯ ಮೇಲೆ ಅಂಟಿಸಿ 'ಈಗ ತಾನೇ' ಎಂದು ಹರಿಬಿಡುವುದು ತಮಾಷೆಯಲ್ಲ. ಆದರೂ ಅದನ್ನು ಕಂಡುಹಿಡಿಯಲು ತಜ್ಞರು ಬೇಕಿಲ್ಲ. ಕಿವಿಯ ಸುತ್ತ ಬೇರೆ ಕಾಡಿನ ಹಸಿರು ಅಂಚು ಉಳಿದಿರುತ್ತದೆ, ಕಾಲಿನಡಿ ನೆರಳಿರುವುದಿಲ್ಲ, ಬಾಲದ ಕೂದಲು ಫೆದರ್‌ನಲ್ಲಿ ಕರಗಿರುತ್ತದೆ. ದಿನವಿಡೀ ಅದೇ ಅಂಚುಗಳೊಡನೆ ಗುದ್ದಾಡುವ ಸ್ಟುಡಿಯೋದವನೂ ಅದನ್ನು ನೋಡದೆ ಮುಂದಕ್ಕೆ ಕಳಿಸುತ್ತಾನೆ. ಕಣ್ಣಿದೆ, ಕಣ್ಣೆದುರು ಚಿತ್ರವೂ ಇದೆ, ನೋಡುವ ವ್ಯವಧಾನ ಮಾತ್ರ ಇಲ್ಲ.

ಹಾಗಾಗಿ ಕೇಳಿಕೊಳ್ಳುವುದಿಷ್ಟು. ಸೆಲೆಕ್ಷನ್ ಕೈಕೊಟ್ಟರೆ ಮೊದಲು ಕಂಟ್ರೋಲ್ ಡಿ ಒತ್ತಿ. ಆಮೇಲೆ ಮೇಲಿನ ಸಾಲನ್ನು ಎಡದಿಂದ ಬಲಕ್ಕೆ ಓದಿ, ಟೂಲ್ ರೀಸೆಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಫೋಟೋಶಾಪ್ ತೆರೆಯುತ್ತಿದ್ದಂತೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು, ಸೆಟ್ಟಿಂಗ್ ಫೈಲ್ ಅಳಿಸಲೇ ಎಂದು ಕೇಳಿದಾಗ ಹೂಂ ಅನ್ನಿ. ನೀವು ಮಾಡಿಕೊಂಡ ಶಾರ್ಟ್‌ಕಟ್‌ಗಳು ಹೋಗಬಹುದು, ಫೋಟೋಗಳು ಹೋಗುವುದಿಲ್ಲ. ಇಷ್ಟಾದ ಮೇಲೂ ಫಾರ್ಮ್ಯಾಟೇ ಬೇಕೆಂದರೆ ಮಾಡಿಸಿ, ಆದರೆ ಜನರ ಮದುವೆ ಫೋಟೋಗಳನ್ನು ಮೊದಲು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ.