ಮುದಿನಾಯಿಗೊಂದು ಮನೆ

ಕೋಲಾರ ಚಿನ್ನದ ಗಣಿಯ ಊರಿನಲ್ಲಿ ನಾಯಿ ಸಾಕುವುದು ಮನೆಯ ಅಳತೆಯನ್ನು ಅವಲಂಬಿಸಿದ ಮಾತು. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಅಧಿಕಾರಿಗಳಿಗೆ ವಿಶಾಲ ಅಂಗಳದ ಬಂಗಲೆಗಳೆದ್ದವು. ಕಾರ್ಮಿಕರಿಗೆ ಇಕ್ಕಟ್ಟಾದ ಲೈನುಮನೆಗಳು ದೊರೆತವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಬಳಿಕ ಸಾವಿರಾರು ಜನ ದುಡಿಮೆಗಾಗಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವಂತಾಯಿತು. ಹಗಲೆಲ್ಲ ಬೀಗ ಹಾಕಿದ ಮನೆಯಲ್ಲಿ ಮರಿಯನ್ನು ಸಾಕುವುದು ಹಿಂಸೆಯೇ ಸರಿ. ಆದರೆ ಹಿರಿಯರು ಮನೆಯಲ್ಲಿದ್ದು ತುಸು ಅಂಗಳವೂ ಇದ್ದರೆ, ಮರಿಯನ್ನು ಕೊಳ್ಳುವ ಬದಲು ಆಶ್ರಯಧಾಮದಲ್ಲಿರುವ ದೊಡ್ಡ ತಳಿಯ, ವಯಸ್ಸಾದ ನಾಯಿಯೊಂದನ್ನು ತರಬಹುದೆಂಬುದು ನಮ್ಮ ಅಭಿಪ್ರಾಯ.

ಇಂಥ ನಾಯಿಗಳು ಎಲ್ಲಿಂದ ಬರುತ್ತವೆ? ಯಜಮಾನರಿಗೆ ವರ್ಗವಾಗುತ್ತದೆ, ಬಾಡಿಗೆ ಮನೆಯವರು ಬೇಡವೆನ್ನುತ್ತಾರೆ, ಔಷಧದ ಖರ್ಚು ಏರುತ್ತದೆ. ಹತ್ತು ವರ್ಷ ಬಾಗಿಲು ಕಾಯ್ದ ಪ್ರಾಣಿ ಬೀದಿಗೆ ಬೀಳುತ್ತದೆ. ಸಾಕಿದ ಪ್ರಾಣಿಯನ್ನು ನರಳುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧವೆಂಬುದು ಬಹುಮಂದಿಗೆ ತಿಳಿದಿಲ್ಲ. 2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ರಾಟ್‌ವೀಲರ್ ಮೊದಲಾದ 23 ತಳಿಗಳನ್ನು ನಿಷೇಧಿಸುವಂತೆ ಸುತ್ತೋಲೆ ಹೊರಡಿಸಿದಾಗ ಸಾಕುವವರು ಗಾಬರಿಗೊಂಡದ್ದುಂಟು. ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ ಸಂಸ್ಥೆಯಂಥವು ನಿರಾಶ್ರಿತ ಪ್ರಾಣಿಗಳಿಗೆ ಮನೆ ಹುಡುಕಿಕೊಡುತ್ತವೆ.

ದೊಡ್ಡ ತಳಿಗಳಿಗೆ ಮುಪ್ಪು ಬೇಗ. ಗ್ರೇಟ್ ಡೇನ್ ಆರೇಳು ವರ್ಷಕ್ಕೇ ಹಿರಿಯನಾಗುತ್ತದೆ. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬಾಳೀತು. ಸೊಂಟದ ಕೀಲು ನೋವು ಸಾಮಾನ್ಯ. ನುಣುಪಾದ ನೆಲದ ಮೇಲೆ ಗೋಣಿತಟ್ಟು ಹಾಸಿದರೆ ಕಾಲು ಜಾರುವುದಿಲ್ಲ. ಎದೆ ಆಳವಾದ ತಳಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಊಟವನ್ನು ಎರಡು ಮೂರು ಬಾರಿಗೆ ಹಂಚಬೇಕು, ಉಂಡೊಡನೆ ಓಡಿಸಕೂಡದು. ಹೊಟ್ಟೆ ಬಿಗಿದು, ವಾಂತಿ ಬಾರದೆ ಓಕರಿಸತೊಡಗಿದರೆ ಬೆಳಗಾಗುವವರೆಗೆ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು.

ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆಯೇ ಆಹಾರದ್ದು. ಲಿಂಗಪೂಜೆಯ ಶಾಕಾಹಾರಿ ಮನೆಯಲ್ಲಿ ಮಾಂಸ ತಿಂದು ಬೆಳೆದ ನಾಯಿಗೆ ಏನಿಕ್ಕುವುದು? ಬೆಕ್ಕಿನಂತಲ್ಲದೆ ನಾಯಿಯು ಸಸ್ಯಾಹಾರದಲ್ಲಿಯೂ ಬಾಳಬಲ್ಲದು. ಆದರೆ ಬರಿಯ ರಾಗಿಮುದ್ದೆ, ಅನ್ನ-ಹಾಲು ಸಾಲದು. ಬೇಯಿಸಿದ ಬೇಳೆ, ಮೊಸರು, ಪನೀರು ಸೇರಬೇಕು, ಕೊರತೆ ಬೀಳದಂತೆ ಪಶುವೈದ್ಯರಿಂದ ಪಥ್ಯದ ಪಟ್ಟಿ ಬರೆಸಿಕೊಳ್ಳಬೇಕು. ಹಠಾತ್ತನೆ ಬದಲಿಸದೆ ಹಳೆಯ ಆಹಾರದೊಡನೆ ವಾರ ಹತ್ತು ದಿನ ಬೆರೆಸುತ್ತ ಬರಬೇಕು. ಇನ್ನೊಂದು ಮಾತು: ಕೋಲಾರದ ಸೀಮೆಯ ಬಸ್ಸಾರು, ಮಸ್ಸೊಪ್ಪು ನಮಗೆ ಅಮೃತವಾದರೂ ಅದರಲ್ಲಿನ ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ನಾಶಮಾಡುತ್ತವೆ. ಪಾಯಸದ ದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಮಿಕ್ಕದ್ದನ್ನು ಸುರಿಯುವ ರೂಢಿಯನ್ನು ಅಜ್ಜಿಯರು ಕೈಬಿಡಲೇಬೇಕು!

ನಾಯಿ ಮೈಲಿಗೆಯಲ್ಲವೇ ಎಂದು ಕೇಳುವ ಹಿರಿಯರೂ ಉಂಟು. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದ ಶರಣ ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದಲೇ ವೇದ ಓದಿಸಿದರೆಂಬ ಕಥೆಯನ್ನು ಅವರಿಗೆ ನೆನಪಿಸಿದರೆ ಸಾಕು.

ತರುವ ಮುನ್ನ ಮನೆಮಂದಿಯೆಲ್ಲ ಎರಡು ಮೂರು ಸಲ ಹೋಗಿ ನೋಡಬೇಕು. ಮಕ್ಕಳೊಡನೆ ಅದರ ವರ್ತನೆಯನ್ನು ಗಮನಿಸಬೇಕು. ರೇಬಿಸ್ ಲಸಿಕೆಯ ದಾಖಲೆ, ಉಣ್ಣೆಜ್ವರದ ರಕ್ತಪರೀಕ್ಷೆಯನ್ನು ಕೇಳಿ ಪಡೆಯಬೇಕು. ಮೊದಲ ದಿನಗಳಲ್ಲಿ ಅದು ಮೂಲೆ ಹಿಡಿದು ಉಣ್ಣದಿರಬಹುದು, ಹಳೆಯ ಯಜಮಾನರ ಹಾದಿ ಕಾಯಬಹುದು. ಮುದ್ದಿಸಲು ಮೇಲೆ ಬೀಳದೆ, ಹೊತ್ತಿಗೆ ಸರಿಯಾಗಿ ನೀರು, ಊಟ, ನಡಿಗೆ ಕೊಟ್ಟು ಬಿಡುವುದೇ ಲೇಸು. ಪೂರ್ತಿ ಹೊಂದಿಕೊಳ್ಳಲು ಮೂರು ತಿಂಗಳು ಹಿಡಿದರೂ ಅಚ್ಚರಿಯಿಲ್ಲ.

ಎರಡು ಮೂರು ವರ್ಷಗಳಲ್ಲೇ ಅಗಲಿಕೆ ಬರಬಹುದೆಂಬುದನ್ನು ಮಕ್ಕಳಿಗೆ ಮುಚ್ಚಿಡಬಾರದು. ನಮ್ಮದು ಹೂಳುವ ಸಂಪ್ರದಾಯ. ಸ್ವಂತ ಅಂಗಳವಿದ್ದವರು ಬಾವಿಯಿಂದ ದೂರದಲ್ಲಿ, ಆಳವಾಗಿ ತೋಡಿಸಿ ಅದನ್ನೂ ಮಣ್ಣು ಮಾಡಬಹುದು.