ಸಹಿ ಹಾಕೋ ಮೊದಲು ಕೇಳ್ರಿ, ಕಾಕಾ

ಬಾಗಲಕೋಟೆಯಲ್ಲಿ ಕೆಲಸ ಮುಗಿಸಿ ಬೆಳಗಾವಿ ಕಡೆ ಹೊರಟಿದ್ದೆ. ಲೋಕಾಪುರದಲ್ಲಿ ಚಹಾ ಕುಡಿಯೋಣ ಅಂತ ಗಾಡಿ ನಿಲ್ಲಿಸಿದೆ. ಟಿವಿಯಲ್ಲಿ ಮುಖ ಕಂಡವರನ್ನು ಆ ಕಡೆ ಜನ ಸುಮ್ಮನೆ ಹೋಗಲು ಬಿಡೋದಿಲ್ಲ. ಅರವತ್ತರ ಆಸುಪಾಸಿನ ಹಿರಿಯರೊಬ್ಬರು ಹತ್ತಿರ ಬಂದರು. ಕಬ್ಬಿನ ರೈತರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಸ್ಪತ್ರೆಯ ಫೈಲು.

'ಸಾಹೇಬ್ರ, ವರ್ಷದಿಂದ ಎದಿ ಧಡಧಡ ಅಂತೈತ್ರಿ. ದೊಡ್ಡ ದವಾಖಾನ್ಯಾಗ ಹೊಸಾ ಮಶಿನ್ ಬಂದೈತಂತ. ಅದರ ಟ್ರಯಲ್ ನಡದೈತಿ, ಒಂದು ಸಹಿ ಮಾಡ್ರಿ ಅಂದಾರ. ನನ್ನ ಮ್ಯಾಲ ಪ್ರಯೋಗ ಮಾಡ್ತಾರೇನ್ರಿ? ನಾ ಏನ್ ಇಲಿ ಏನ್ರಿ?'

ಸ್ಟುಡಿಯೋದಲ್ಲಿ ಎಂಥ ಪ್ರಶ್ನೆಗಾದರೂ ಥಟ್ಟನೆ ಉತ್ತರ ಕೊಡುವವನು ನಾನು. ಇದಕ್ಕೆ ಬಾಯಿ ಕಟ್ಟಿತು. 'ಕಾಕಾ, ನಿಮ್ಮ ನಂಬರ್ ಕೊಡ್ರಿ, ತಿಳ್ಕೊಂಡು ಫೋನ್ ಮಾಡ್ತೀನಿ' ಅಂದೆ. ಆಮೇಲೆ ಹೃದ್ರೋಗ ತಜ್ಞರನ್ನು ಕೇಳಿದೆ, ಪರೀಕ್ಷೆಗಳ ವರದಿ ಓದಿದೆ. ಕಾಕಾನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ನಾಳೆ ಇಂಥದ್ದೊಂದು ಕಾಗದ ನಿಮ್ಮ ಮುಂದೆಯೂ ಬರಬಹುದು.

ಮೊದಲು ಕಾಯಿಲೆ ಏನು ಅಂತ ನೋಡೋಣ. ಹೃದಯ ಅಂದರೆ ಒಂದು ಪಂಪ್‌ಸೆಟ್ ಅಂದುಕೊಳ್ಳಿ. ಪೈಪಿನಲ್ಲಿ ಕಸ ಕಟ್ಟಿಕೊಂಡರೆ ಅದು ಹಾರ್ಟ್ ಅಟ್ಯಾಕ್. ಕಾಕಾನಿಗೆ ಇದ್ದದ್ದು ವೈರಿಂಗ್ ತೊಂದರೆ. ಹೃದಯದ ಬಲಮೇಲ್ಕೋಣೆಯಲ್ಲಿ ಒಂದು ಪುಟ್ಟ ಗಂಟು ಇದೆ. ಅಲ್ಲಿಂದ ಹೊರಡುವ ಕರೆಂಟಿನ ತಾಳಕ್ಕೆ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ಕಾಯಿಲೆಯಲ್ಲಿ ಬೇರೆ ಬೇರೆ ಕಡೆಯಿಂದ ಕಳ್ಳ ಕರೆಂಟು ಹುಟ್ಟಿ, ಮೇಲಿನ ಕೋಣೆಗಳು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅದುರತೊಡಗುತ್ತವೆ. ಅದುರುವ ಕೋಣೆಯಿಂದ ರಕ್ತ ಸರಿಯಾಗಿ ಮುಂದೆ ಹೋಗೋದಿಲ್ಲ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವಾ. ಈ ಕಾಯಿಲೆ ಇದ್ದವರಿಗೆ ಲಕ್ವಾ ಹೊಡೆಯುವ ಅಪಾಯ ಉಳಿದವರಿಗಿಂತ ಸುಮಾರು 5 ಪಟ್ಟು ಹೆಚ್ಚು. ಹಾಗಾಗಿ ಎದೆ ಧಡಧಡ ಅಂದರೆ 'ಗ್ಯಾಸ್ ಆಗಿರಬೇಕು' ಅಂತ ಸೋಡಾ ಕುಡಿದು ಮಲಗಬೇಡಿ. ಮೊದಲು ಒಂದು ಇಸಿಜಿ ಮಾಡಿಸಿ.

ಇದಕ್ಕೆ ಮಾತ್ರೆಗಳಿವೆ. ಹೆಪ್ಪು ತಡೆಯಲು ರಕ್ತ ತೆಳು ಮಾಡುವ ಔಷಧಗಳಿವೆ. ಮಾತ್ರೆಗೆ ಬಗ್ಗದಿದ್ದರೆ ಕ್ಯಾಥೆಟರ್ ಅಬ್ಲೇಷನ್. ಈ ಕಳ್ಳ ಕರೆಂಟು ಹುಟ್ಟೋದು ಎಲ್ಲಿ? 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಡಾ. ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು 45 ರೋಗಿಗಳಲ್ಲಿ ಇದನ್ನು ಹುಡುಕಿದರು. ಸಿಕ್ಕ 69 ಜಾಗಗಳಲ್ಲಿ 65 ಇದ್ದದ್ದು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳಲ್ಲಿ! ಅಲ್ಲಿಂದ ದಾರಿ ತೆರೆಯಿತು. ತೊಡೆಸಂದಿನ ರಕ್ತನಾಳದಿಂದ ಸಣ್ಣ ತಂತಿಯಂಥ ಕೊಳವೆಯನ್ನು ಹೃದಯಕ್ಕೆ ಒಯ್ಯುತ್ತಾರೆ. ಆ ನಾಳಗಳ ಬಾಯಿಯ ಸುತ್ತ ಅಂಗಾಂಶವನ್ನು ಸುಟ್ಟು ಬೇಲಿ ಹಾಕುತ್ತಾರೆ. ಕಳ್ಳ ಕರೆಂಟು ಬೇಲಿ ದಾಟಿ ಬರೋದಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲೂ ಅಬ್ಲೇಷನ್ ಮಾಡುತ್ತಾರೆ.

ಮೊದಲು ಶಾಖದಿಂದ ಸುಡುತ್ತಿದ್ದರು. ಆಮೇಲೆ ಬಲೂನಿನಲ್ಲಿ ಹೆಪ್ಪುಗಟ್ಟಿಸುವ ವಿಧಾನ ಬಂತು. ಎರಡರಲ್ಲೂ ಒಂದು ಭಯ ಇದೆ. ಹೃದಯದ ಬೆನ್ನಿಗೇ ಅನ್ನನಾಳ ಇದೆ, ಪಕ್ಕದಲ್ಲೇ ಉಸಿರಾಟದ ವಪೆಯನ್ನು ಆಡಿಸುವ ನರ ಇದೆ. ಶಾಖವೋ ತಂಪೋ ಅಲ್ಲಿಗೂ ತಾಗಬಹುದು. ಅನ್ನನಾಳಕ್ಕೆ ತೂತಾಗುವುದು ಅಪರೂಪ, ಆದರೆ ಆದರೆ ಜೀವಕ್ಕೇ ಕುತ್ತು. ಈಗ ಬಂದಿರುವ ಹೊಸ ವಿಧಾನದ ಹೆಸರು ಪಲ್ಸ್ಡ್ ಫೀಲ್ಡ್ ಅಬ್ಲೇಷನ್. ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಜೋರಾದ ವಿದ್ಯುತ್ ಮಿಡಿತ ಕೊಟ್ಟು ಜೀವಕೋಶದ ಗೋಡೆಗೆ ತೂತು ಮಾಡುವುದು. ಹೃದಯದ ಸ್ನಾಯು ಇದಕ್ಕೆ ಬೇಗ ಸೋಲುತ್ತದೆ, ಅನ್ನನಾಳ ಮತ್ತು ನರ ಬಹುಮಟ್ಟಿಗೆ ತಡೆದುಕೊಳ್ಳುತ್ತವೆ.

ಕೇಳಲು ಚಂದ ಇದೆ. ಹಾಗಾದರೆ ನೇರವಾಗಿ ಬಳಸಬಹುದಲ್ಲ, ಪರೀಕ್ಷೆ ಯಾಕೆ? ಲೋಕಾಪುರದವರಿಗೆ ಬಾಗಲಕೋಟೆ-ಕುಡಚಿ ರೈಲು ಮಾರ್ಗದ ಕಥೆ ನಾನು ಹೇಳಬೇಕಿಲ್ಲ. ಹಳಿ ಹಾಕಿದ ಮರುದಿನವೇ ಅದರ ಮೇಲೆ ಜನರನ್ನು ಹತ್ತಿಸಿ ಕಳಿಸುತ್ತಾರಾ? ಇಲ್ಲ. ರೈಲ್ವೆ ಸುರಕ್ಷತಾ ಆಯುಕ್ತರು ಬಂದು ನೋಡಬೇಕು, ಖಾಲಿ ಗಾಡಿ ಓಡಿಸಬೇಕು, ಆಮೇಲೆ ಪ್ರಯಾಣಿಕರು. ಉಪಕರಣಕ್ಕೂ ಹಾಗೇ. ಪ್ರಯೋಗಾಲಯ, ಆಮೇಲೆ ಪ್ರಾಣಿಗಳು, ಆಮೇಲೆ ಕೆಲವೇ ಕೆಲವು ರೋಗಿಗಳು, ಕೊನೆಗೆ ನೂರಾರು ರೋಗಿಗಳ ದೊಡ್ಡ ಪರೀಕ್ಷೆ. ವ್ಯತ್ಯಾಸ ಒಂದೇ: ಹೃದಯದ ಹಳಿ ಮೇಲೆ ಖಾಲಿ ಗಾಡಿ ಓಡಿಸಲು ಬರುವುದಿಲ್ಲ. ಅದಕ್ಕೇ ನಿಯಮ ಇನ್ನಷ್ಟು ಬಿಗಿಯಾಗಿರಬೇಕು.

ದೊಡ್ಡ ಪರೀಕ್ಷೆ ಏನು ಹೇಳಿತು? 2023ರಲ್ಲಿ ಅಮೆರಿಕದ ಅಡ್ವೆಂಟ್ ಪರೀಕ್ಷೆಯ ಫಲಿತಾಂಶ ಬಂತು. 607 ರೋಗಿಗಳು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಹೊಸ ವಿಧಾನ, ಇನ್ನೊಂದಕ್ಕೆ ಶಾಖ ಅಥವಾ ತಂಪಿನ ಹಳೆ ವಿಧಾನ. ವರ್ಷದ ನಂತರ ಹೊಸದರ ಯಶಸ್ಸು 73.3%, ಹಳೆಯದರದ್ದು 71.3%. ಗಂಭೀರ ತೊಂದರೆ ಹೊಸದರಲ್ಲಿ 2.1%, ಹಳೆಯದರಲ್ಲಿ 1.5%. ಅಂದರೆ ಹೊಸದು ಹಳೆಯದಕ್ಕಿಂತ ಕಡಿಮೆ ಇಲ್ಲ. ಅಷ್ಟೇ. ಕೆಲಸ ಬೇಗ ಮುಗಿಯುತ್ತದೆ, ಅದು ಲಾಭ. ಆದರೆ ಹೊಸ ವಿಧಾನದಲ್ಲೂ 100ರಲ್ಲಿ ಸುಮಾರು 27 ಮಂದಿಗೆ ವರ್ಷದೊಳಗೆ ಪೂರ್ತಿ ಯಶಸ್ಸು ಸಿಗಲಿಲ್ಲ. 'ಹೃದಯಕ್ಕೆ ಪವಾಡ ಚಿಕಿತ್ಸೆ' ಅಂತ ನಮ್ಮಂಥ ಚಾನೆಲ್‌ಗಳು ಕೆಂಪು ಪಟ್ಟಿ ಓಡಿಸುತ್ತವಲ್ಲ, ಅದರಲ್ಲಿ ಈ 27 ಮಂದಿ ಕಾಣಿಸುವುದಿಲ್ಲ. ತಪ್ಪು ನಮ್ಮದೂ ಇದೆ, ಒಪ್ಪಿಕೊಳ್ತೀನಿ.

ಇನ್ನೊಂದು ಪರೀಕ್ಷೆ ಕೇಳಿದರೆ ಬೆರಗಾಗ್ತೀರಿ. ಬ್ರಿಟನ್ನಿನಲ್ಲಿ 126 ರೋಗಿಗಳು. ಒಂದು ಗುಂಪಿಗೆ ನಿಜವಾದ ಅಬ್ಲೇಷನ್. ಇನ್ನೊಂದು ಗುಂಪಿಗೆ ಬರೀ ನಾಟಕದ ಚಿಕಿತ್ಸೆ. ತಮಗೆ ಯಾವುದಾಯಿತು ಅಂತ ರೋಗಿಗೆ ಗೊತ್ತಿಲ್ಲ. ಹೀಗೆ ಆಗಬಹುದು ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದರು. 2024ರಲ್ಲಿ ಫಲಿತಾಂಶ ಬಂತು. ತಾಳ ತಪ್ಪಿದ ಹೊತ್ತಿನಲ್ಲಿ ಆದ ಇಳಿಕೆ ನಿಜವಾದ ಚಿಕಿತ್ಸೆಯವರಲ್ಲಿ 60%, ನಾಟಕದವರಲ್ಲಿ 35%. ಸುಡದೇ ಇದ್ದವರಲ್ಲೂ ಇಷ್ಟು ಇಳಿಯಿತು! ಆದರೆ ಸುಟ್ಟವರಲ್ಲಿ ಸ್ಪಷ್ಟವಾಗಿ ಹೆಚ್ಚು ಇಳಿಯಿತು. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದಿದ್ದರೆ ಪೂರ್ತಿ 60% ಶ್ರೇಯಸ್ಸನ್ನೂ ಉಪಕರಣವೇ ಹೊಡೆದುಕೊಳ್ಳುತ್ತಿತ್ತು.

ಪರೀಕ್ಷೆ ಮುಗಿದರೆ ಎಲ್ಲ ಮುಗಿಯಿತಾ? ಅದೂ ಇಲ್ಲ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ವ್ಯಾರಿಪಲ್ಸ್ ಎಂಬ ಇದೇ ಜಾತಿಯ ಉಪಕರಣಕ್ಕೆ ಅಮೆರಿಕದಲ್ಲಿ 2024ರ ನವೆಂಬರಿನಲ್ಲಿ ಅನುಮತಿ ಸಿಕ್ಕಿತು. ಕೆಲವು ರೋಗಿಗಳಿಗೆ ಪಾರ್ಶ್ವವಾಯು ಆಗಿದ್ದು ಕಂಡಾಗ 2025ರ ಜನವರಿಯಲ್ಲಿ ಕಂಪನಿಯೇ ಅಲ್ಲಿ ಬಳಕೆ ನಿಲ್ಲಿಸಿ ತನಿಖೆ ಮಾಡಿತು. ಬಳಸುವ ಸೂಚನೆ ತಿದ್ದಿ ಮುಂದಿನ ತಿಂಗಳು ಮತ್ತೆ ಶುರು ಮಾಡಿತು. ಅನುಮತಿ ಸಿಕ್ಕ ಮೇಲೂ ಕಣ್ಣಿಟ್ಟಿರಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈಗ ಕಾಕಾನ ಸಹಿಗೆ ಬರೋಣ. ನಮ್ಮಲ್ಲಿ 2017ರ ವೈದ್ಯಕೀಯ ಸಾಧನ ನಿಯಮಗಳಿವೆ, 2018ರ ಜನವರಿಯಿಂದ ಜಾರಿಯಲ್ಲಿವೆ. ಪರೀಕ್ಷೆಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ದೇಶದ ಕ್ಲಿನಿಕಲ್ ಟ್ರಯಲ್ ದಾಖಲಾತಿಯಲ್ಲಿ ಅದರ ಹೆಸರು ಇರಬೇಕು. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಓದು ಬಾರದವರಾದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿದ್ದು ಸಹಿ ಮಾಡಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ರೋಗಿಯ ಹಕ್ಕು. ಯಾವಾಗ ಬೇಕಾದರೂ 'ನಾ ಒಲ್ಲೆ' ಅಂತ ಹೊರಗೆ ಬರಬಹುದು. ಹಾಗೆ ಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಫೋನಿನಲ್ಲಿ ಕಾಕಾನಿಗೆ ಐದು ಪ್ರಶ್ನೆ ಬರೆಸಿದೆ. ಒಂದು, ಈ ಪರೀಕ್ಷೆಯ ನೋಂದಣಿ ಸಂಖ್ಯೆ ಏನು? ಎರಡು, ಇದು ಬೇಡ ಅಂದರೆ ನನಗೆ ಬೇರೆ ಯಾವ ಚಿಕಿತ್ಸೆ ಇದೆ? ಮೂರು, ಈ ಉಪಕರಣವನ್ನು ಇದಕ್ಕೂ ಮೊದಲು ಎಷ್ಟು ಜನರಿಗೆ ಬಳಸಿದ್ದೀರಿ, ಏನೇನು ತೊಂದರೆ ಆಗಿದೆ? ನಾಲ್ಕು, ಕನ್ನಡದ ಪತ್ರ ಎಲ್ಲಿ, ಮನೆಗೆ ಒಯ್ದು ಮಗನಿಂದ ಓದಿಸಲೇ? ಐದು, ನನಗೇನಾದರೂ ಆದರೆ ಖರ್ಚು, ಪರಿಹಾರ ಯಾರದ್ದು, ಎಲ್ಲಿ ಬರೆದಿದ್ದೀರಿ?

ಇಪ್ಪತ್ತು ದಿನದ ಮೇಲೆ ಕಾಕಾನೇ ಫೋನ್ ಮಾಡಿದರು. 'ಐದೂ ಕೇಳಿದ್ನಿರೀ ಸಾಹೇಬ್ರ. ಡಾಕ್ಟರ್ ಛಲೋ ಮನಷ್ಯಾ ಅದಾರ, ಕುಂಡ್ರಿಸಿ ಹೇಳಿದ್ರು. ನಾಕಕ್ಕ ಉತ್ತರಾ ಸಿಕ್ತು. ಐದನೇದಕ್ಕ ಮ್ಯಾಲಿನವ್ರನ್ನ ಕೇಳಿ ಹೇಳ್ತೀವಿ ಅಂದ್ರು.'

'ಮತ್ತ ಸಹಿ ಮಾಡಿದ್ರೇನು ಕಾಕಾ?'

'ಅವ್ರು ಕೇಳ್ಕೊಂಡು ಬರ್ಲಿ ತಗೋರಿ. ಅಲ್ಲೀತನಾ ಗುಳಿಗಿ ನುಂಗ್ತೀನಿ. ಪೆನ್ನು ನನ್ನ ಕಿಸೇದಾಗ ಐತಿ.'